ಕರೆಂಟಿಲ್ಲದ ಚಳಿರಾತ್ರಿಯಲ್ಲಿ ಸಾಕಿದ ಆಮೆಯನ್ನು ಬೆಚ್ಚಗಿಡುವ ಬಗೆ

ಡಿಸೆಂಬರ್, ಜನವರಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳಗಿನ ಜಾವದ ಉಷ್ಣಾಂಶ 13–15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಹೊಸದಲ್ಲ. ಘಟ್ಟ ಇಳಿದು ಅಂಕೋಲಾ, ಕಾರವಾರ ಸೇರಿದರೆ ಅದೇ ಹೊತ್ತಿಗೆ 18–20ರ ಆಸುಪಾಸು ಇರುತ್ತದೆ. ಆಮೆಯ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಸುತ್ತಲಿನ ಗಾಳಿ, ನೆಲ ಎಷ್ಟು ತಣ್ಣಗಾದರೆ ಅದೂ ಅಷ್ಟೇ ತಣ್ಣಗಾಗುತ್ತದೆ. ಹಾಗಾಗಿ ಹೀಟರ್ ನಂಬಿಕೊಂಡ ಆಮೆಗೂಡಿಗೆ ರಾತ್ರಿ ಹನ್ನೊಂದಕ್ಕೆ ಕರೆಂಟು ಕೈಕೊಟ್ಟರೆ, ಕರಾವಳಿಯವರಿಗೆ ಒಂದು ಬಾಟಲಿ ಬಿಸಿನೀರಿನ ಕೆಲಸ, ಘಟ್ಟದ ಮೇಲಿನವರಿಗೆ ಎರಡು ಬಾಟಲಿಯ ಕೆಲಸ. ಅಷ್ಟೇ ಸಾಕು. ಚಳಿಗಿಂತ ಹೆಚ್ಚು ಕೇಡಾಗುವುದು ಗಾಬರಿಯಲ್ಲಿ ಮಾಡುವ ಉಪಚಾರದಿಂದ: ಸುಟ್ಟ ಹೊಟ್ಟೆ, ಬೆವೆತ ಪೆಟ್ಟಿಗೆ, ಮುಚ್ಚಿದ ಕೋಣೆಯೊಳಗಿನ ಕೆಂಡ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತೋಟದ ಹೊಂಡದಲ್ಲಿ, ಗದ್ದೆಯ ಬದುವಿನಲ್ಲಿ ಸಿಕ್ಕ ಆಮೆಯನ್ನೂ ತಂದು ಸಾಕಬಾರದು. ಇಲ್ಲಿ ಹೇಳುತ್ತಿರುವುದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ ಸಾಕಿರುವ ಸುಲ್ಕಾಟಾ, ಲೆಪರ್ಡ್, ಕೆಂಪುಕಾಲಿನ ಆಮೆಯಂಥ ಹೊರದೇಶದ ನೆಲದ ಆಮೆಗಳ ಬಗ್ಗೆ. ಈ ಮೂರೂ ಚಳಿನಿದ್ದೆ ಮಾಡುವ ಜಾತಿಗಳಲ್ಲ. "ಮಲಗಿದೆ, ಬಿಡು, ಬೇಸಿಗೆಗೆ ಏಳುತ್ತದೆ" ಎಂದು ಬಿಟ್ಟವರು ಆಮೆ ಕಳೆದುಕೊಳ್ಳುತ್ತಾರೆ. ಚಳಿನಿದ್ದೆ ಮಾಡುವ ಗ್ರೀಕ್ ಆಮೆಗೆ ಕೂಡ ಅದಕ್ಕೆ 5 ಡಿಗ್ರಿಯ ಹತ್ತಿರದ ತಂಪು ಬೇಕು. ನಮ್ಮ 14 ಡಿಗ್ರಿ ಅತ್ತ ನಿದ್ದೆಗೂ ಸಾಲದು, ಇತ್ತ ತಿಂದದ್ದು ಅರಗುವುದಕ್ಕೂ ಸಾಲದು. ಸೊಪ್ಪು ಹೊಟ್ಟೆಯಲ್ಲೇ ಕೊಳೆಯುತ್ತದೆ.

ರಾತ್ರಿಯಿಡೀ ಪೆಟ್ಟಿಗೆಯೊಳಗೆ 24–27 ಡಿಗ್ರಿ ಇದ್ದರೆ ಯಾವ ಆಮೆಗೂ ತೊಂದರೆಯಿಲ್ಲ. 21ಕ್ಕಿಂತ ಕೆಳಗೆ ಬಿಡಬೇಡಿ. 30 ದಾಟಿದರೆ ಮುಚ್ಚಳ ಸರಿಸಿ. ಆಮೆಗೆ ತಪ್ಪಿಸಿಕೊಳ್ಳಲು ಜಾಗವಿಲ್ಲದ ಪೆಟ್ಟಿಗೆಯಲ್ಲಿ 35 ದಾಟುವುದು ಚಳಿಗಿಂತ ಬೇಗ ಪ್ರಾಣ ತೆಗೆಯುತ್ತದೆ.

ಪೆಟ್ಟಿಗೆ

ಮೀನು ಮಾರುಕಟ್ಟೆಯಲ್ಲಿ ಐಸ್ ತುಂಬಿ ಬರುವ ಬಿಳಿ ಥರ್ಮೋಕೋಲ್ ಪೆಟ್ಟಿಗೆಗಿಂತ ಒಳ್ಳೆಯದು ಈ ಕೆಲಸಕ್ಕೆ ಇಲ್ಲ. ಬಂಗಡೆಯನ್ನು ತಣ್ಣಗಿಡುವ ಗೋಡೆಯೇ ಆಮೆಯನ್ನು ಬೆಚ್ಚಗಿಡುತ್ತದೆ. ಕಾರವಾರದಲ್ಲಿ, ಕುಮಟಾದಲ್ಲಿ ಹುಡುಕುವುದೇ ಬೇಡ. ಶಿರಸಿಯಲ್ಲೂ ಮೀನು ಮಾರುವವರಲ್ಲಿ ಕೇಳಿದರೆ ಸಿಗುತ್ತದೆ. ಸೋಪಿನ ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗಿಡಿ. ಸುಮಾರು 60 ಸೆಂ.ಮೀ. ಉದ್ದ, 40 ಅಗಲ, 35 ಎತ್ತರದ್ದು 20 ಸೆಂ.ಮೀ.ವರೆಗಿನ ಆಮೆಗೆ ಸರಿ. ಮುಚ್ಚಳ ಮುರಿದದ್ದನ್ನು ತರಬೇಡಿ. ಬಿಸಿ ಮೇಲಿನಿಂದಲೇ ಹೋಗುವುದು.

ಆಮೆಯನ್ನು ನೇರ ಥರ್ಮೋಕೋಲ್ ಒಳಗೆ ಬಿಟ್ಟರೆ ಅದು ಗೋಡೆಯನ್ನೇ ಕಚ್ಚಿ ಕಾಳುಗಳನ್ನು ನುಂಗುತ್ತದೆ, ಕರುಳು ಕಟ್ಟುತ್ತದೆ. ಒಳಗೊಂದು ರಟ್ಟಿನ ಪೆಟ್ಟಿಗೆ ಕೂರಿಸಿ. ರಟ್ಟಿಗೂ ಥರ್ಮೋಕೋಲ್‌ಗೂ ನಡುವೆ ಒಂದು ಬದಿಯಲ್ಲಿ ಬಾಟಲಿ ನಿಲ್ಲುವಷ್ಟು, ಹತ್ತು ಸೆಂ.ಮೀ. ಸಂದು ಬಿಡಿ. ಗೋಡೆಯ ಮೇಲ್ಭಾಗದಲ್ಲಿ ಪೆನ್ಸಿಲ್ ದಪ್ಪದ ನಾಲ್ಕು ತೂತು, ಎದುರುಬದುರು ಎರಡೆರಡು, ಒಳಗಿನ ರಟ್ಟಿಗೂ ಅದೇ ನೇರಕ್ಕೆ. ಮಣ್ಣಿನ ಮನೆಯಾದರೆ ತೂತಿಗೆ ಸೊಳ್ಳೆಪರದೆಯ ತಂತಿಬಲೆ ಅಂಟಿಸಿ. ತಣ್ಣಗಾಗಿ ಕದಲದೆ ಮಲಗಿದ ಆಮೆಯ ಕಾಲನ್ನು ಇಲಿ ಕಡಿಯುತ್ತದೆ.

ಹಾಸಲು ಚೂರು ಮಾಡಿದ ದಿನಪತ್ರಿಕೆ ಎಲ್ಲಕ್ಕಿಂತ ಚೆನ್ನ, ಐದು ಸೆಂ.ಮೀ. ದಪ್ಪ ಬೇಕು. ಚೆನ್ನಾಗಿ ಒಣಗಿದ ಭತ್ತದ ಹುಲ್ಲೂ ಆದೀತು, ಬೂಷ್ಟು ವಾಸನೆ ಬಂದರೆ ಬೇಡ. ಬೆಟ್ಟದ ದರಕು ಮಾತ್ರ ಖಂಡಿತ ತರಬೇಡಿ. ಕೊಟ್ಟಿಗೆಗೆ ತಂದದ್ದು ಕೈಗೆ ಸಿಗುತ್ತದೆಂದು ಹಲವರು ಅದನ್ನೇ ಹಾಸುತ್ತಾರೆ. ಚಳಿಗಾಲದಿಂದ ಬೇಸಿಗೆಯವರೆಗೆ ಆ ಒಣ ಎಲೆಯಲ್ಲಿ ಉಣುಗಿನ ಮರಿಗಳಿರುತ್ತವೆ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಹರಡುವುದು ಅವುಗಳಿಂದಲೇ. ಆಮೆಗೋಸ್ಕರ ಅದನ್ನು ಮಲಗುವ ಕೋಣೆಗೆ ಹೊತ್ತು ತರುವುದು ಬೇಡ.

ಬಿಸಿನೀರು

ಕರೆಂಟಿಗೆ ಸಂಬಂಧವೇ ಇಲ್ಲದ ಬಿಸಿ ನಮ್ಮ ಕಡೆ ಬಹಳ ಮನೆಗಳಲ್ಲಿ ಇದ್ದೇ ಇದೆ: ಬಚ್ಚಲ ಹಂಡೆ. ಸಂಜೆ ಉರಿ ಹಾಕಿದ ಹಂಡೆಯ ನೀರು ನಡುರಾತ್ರಿಗೂ ಕೈ ಇಡಲಾಗದಷ್ಟು ಬಿಸಿಯಿರುತ್ತದೆ. ಹಂಡೆಯಿಲ್ಲದವರು ಮಲಗುವ ಮುಂಚೆ ಕುದಿನೀರನ್ನು ಒಂದೆರಡು ಲೀಟರಿನ ಥರ್ಮಾಸ್ ಫ್ಲಾಸ್ಕಿಗೆ ತುಂಬಿಡಲಿ. ಮೂರು ಗಂಟೆ ರಾತ್ರಿಯಲ್ಲಿ ಒಲೆ ಹಚ್ಚುವ ಕೆಲಸ ತಪ್ಪುತ್ತದೆ.

ಬಾಟಲಿಗೆ ತುಂಬುವ ನೀರು 50–55 ಡಿಗ್ರಿ ಇರಲಿ. ಕುದಿಯುವ ನೀರು ಮೂರು ಲೋಟ, ಕೊಡದ ತಣ್ಣೀರು ಐದು ಲೋಟ ಬೆರೆಸಿದರೆ 50ರ ಹತ್ತಿರ ಬರುತ್ತದೆ. ಫ್ಲಾಸ್ಕಿನಲ್ಲಿ ಆರಿ 80ಕ್ಕೆ ಇಳಿದ ನೀರಾದರೆ ಸಮಸಮ ಬೆರೆಸಿ. ಮಿನರಲ್ ವಾಟರ್ ಬಾಟಲಿಗೆ ಕುದಿನೀರು ಸುರಿದರೆ ಅದು ಮುದುಡಿ, ಮುಚ್ಚಳದ ಬಳಿ ಸೋರುತ್ತದೆ. ಒದ್ದೆಯಾದ ಹಾಸು ಬರೀ ಚಳಿಗಿಂತ ಕೆಟ್ಟದ್ದು. ಮಕ್ಕಳು ಶಾಲೆಗೆ ಒಯ್ಯುವ ಒಂಟಿ ಪದರದ ಸ್ಟೀಲ್ ಬಾಟಲಿ ಉತ್ತಮ. ಎರಡು ಪದರದ, ಬಿಸಿ ಹಿಡಿದಿಡುವ ಬಾಟಲಿ ಇಲ್ಲಿ ಉಪಯೋಗಕ್ಕಿಲ್ಲ, ಅದು ಬಿಸಿಯನ್ನು ಹೊರಗೇ ಬಿಡುವುದಿಲ್ಲ. ಔಷಧಿ ಅಂಗಡಿಯ ರಬ್ಬರ್ ಚೀಲವಾದರೆ ಮೂರರಲ್ಲಿ ಎರಡು ಪಾಲು ತುಂಬಿ, ಉಳಿದ ಗಾಳಿ ಒತ್ತಿ ತೆಗೆದು ಬಿರಡೆ ಹಾಕಿ. ಯಾವುದಾದರೂ ಸರಿ, ತಲೆಕೆಳಗು ಮಾಡಿ ಒಂದು ನಿಮಿಷ ಹಿಡಿದು ಸೋರುವುದಿಲ್ಲವೆಂದು ನೋಡಿದ ಮೇಲೆಯೇ ಟವೆಲ್ ಸುತ್ತಿ ಸಂದಿಗೆ ಇಳಿಸಿ.

ಒಂದು ಲೀಟರ್ ನೀರು 55ರಿಂದ 30 ಡಿಗ್ರಿಗೆ ಆರುವಾಗ ಸುಮಾರು 29 ವ್ಯಾಟ್-ಗಂಟೆಯಷ್ಟು ಶಾಖ ಬಿಟ್ಟುಕೊಡುತ್ತದೆ. ಮೂರು ಗಂಟೆಗೆ ಹಂಚಿದರೆ ಹತ್ತು ವ್ಯಾಟಿನ ಪುಟ್ಟ ಹೀಟರ್ ಉರಿದಂತೆ. ಮೇಲೆ ಹೇಳಿದ ಅಳತೆಯ ಪೆಟ್ಟಿಗೆಯನ್ನು ಅದು ಕೋಣೆಗಿಂತ ಆರೇಳು ಡಿಗ್ರಿ ಮೇಲಿಡುತ್ತದೆ. ಕರಾವಳಿಗೆ ಒಂದು ಬಾಟಲಿ, ಘಟ್ಟದ ಮೇಲೆ ಎರಡು ಎಂದದ್ದು ಈ ಲೆಕ್ಕದಿಂದ. ಮೂರು ಗಂಟೆಗೊಮ್ಮೆ ಬದಲಿಸಿ. ಎರಡು ಬಾಟಲಿ ಇರುವವರು ಎರಡನ್ನೂ ಒಟ್ಟಿಗೆ ಬದಲಿಸದೆ ಒಂದೂವರೆ ಗಂಟೆಗೆ ಒಂದರಂತೆ ಬದಲಿಸಿದರೆ ಉಷ್ಣಾಂಶ ಜೋಲಿ ಹೊಡೆಯುವುದಿಲ್ಲ. ಬದಲಿಸುವಾಗಲೆಲ್ಲ ಮುಚ್ಚಳವನ್ನು ಅರ್ಧ ನಿಮಿಷ ತೆರೆದಿಡಿ, ಒಳಗಿನ ತೇವ ಹೋಗಲಿ. ಮುಚ್ಚಳದ ಅಡಿಯಲ್ಲಿ ನೀರಿನ ಹನಿ ಕಂಡರೆ ತೂತು ಸಾಲದು ಎಂದರ್ಥ.

ಬಾಟಲಿ ಬದಿಯಲ್ಲೇ ಇರಬೇಕು, ಆಮೆಯ ಅಡಿಗೆ ಬರಲೇಬಾರದು. ಸೂರ್ಯನ ಬಿಸಿ ಮೇಲಿನಿಂದ ಬರುವುದನ್ನೇ ಬಲ್ಲ ಪ್ರಾಣಿ ಅದು. ಹೊಟ್ಟೆಯಡಿಯ ಬಿಸಿಯಿಂದ ಸರಿದು ಹೋಗಬೇಕೆಂದು ಅದಕ್ಕೆ ತೋಚುವುದಿಲ್ಲ. ಸುಡುತ್ತಿದ್ದರೂ ಅಲ್ಲೇ ಕೂತಿರುತ್ತದೆ. ಗಾಯ ಕಣ್ಣಿಗೆ ಕಾಣುವಷ್ಟರಲ್ಲಿ ದಿನಗಳೇ ಕಳೆದಿರುತ್ತವೆ.

ವೈರಿನ ತುದಿಯಲ್ಲಿ ಸೆನ್ಸರ್ ಇರುವ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದು ಬೇಕೇ ಬೇಕು. ಸೆನ್ಸರನ್ನು ಬಾಟಲಿಗೆ ಎದುರು ಬದಿಯಲ್ಲಿ, ಆಮೆಯ ಚಿಪ್ಪಿನ ಎತ್ತರಕ್ಕೆ ಅಂಟಿಸಿ, ಪರದೆ ಹೊರಗಿರಲಿ. ಕೈ ಇಟ್ಟು ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ, ಚಳಿಯಲ್ಲಿ ನಡುಗುವ ಕೈಗೆ 20 ಡಿಗ್ರಿಯೂ ಬೆಚ್ಚಗೆನಿಸುತ್ತದೆ.

ಬೇಡದ್ದು

ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡಬೇಡಿ. ಇದ್ದಿಲಾಗಲಿ, ಕರಟದ ಕೆಂಡವಾಗಲಿ, ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಆಮೆಯಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದವರೂ ಏಳುವುದಿಲ್ಲ. ಥರ್ಮೋಕೋಲ್ ಪೆಟ್ಟಿಗೆಯ ಹತ್ತಿರ ಮೇಣದಬತ್ತಿ, ಚಿಮಣಿ ದೀಪ ಬೇಡ. ರಾತ್ರಿ ಬಿಸಿನೀರಿನ ಸ್ನಾನವೂ ಬೇಡ. ಒದ್ದೆ ಚಿಪ್ಪು ಆರುವಾಗ ಇದ್ದ ಬಿಸಿಯನ್ನೂ ಕಳೆಯುತ್ತದೆ. ಪಾಪ, ಚಳಿಯಲ್ಲಿದೆ ಎಂದು ಸೊಪ್ಪು ಹಾಕುವುದೂ ಬೇಡ.

ಇನ್ವರ್ಟರ್ ಇರುವವರು ಸೆರಾಮಿಕ್ ಹೀಟರನ್ನು ಅದಕ್ಕೆ ಜೋಡಿಸಬಹುದು. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆ. ಅರ್ಧ ಮಾತ್ರ ಬಳಸಿ, ಇನ್ವರ್ಟರ್ ನುಂಗುವ ಐದನೇ ಒಂದು ಪಾಲು ಕಳೆದರೆ ಸಿಗುವುದು 720. 60 ವ್ಯಾಟಿನ ಹೀಟರ್ ಒಂದೇ ಇದ್ದರೆ ಹನ್ನೆರಡು ಗಂಟೆ ಬಂದೀತು. ಫ್ಯಾನು, ಟಿವಿ, ವೈಫೈ ಸೇರಿದರೆ ನಡುರಾತ್ರಿಗೇ ಬೀಪ್ ಕೂಗುತ್ತದೆ. ಆದರೆ ಆ ಹೀಟರು ಅದರ ಮಾಮೂಲಿ ಗೂಡಿನಲ್ಲಿ, ಪಿಂಗಾಣಿ ಹೋಲ್ಡರಿನಲ್ಲಿ, ತಂತಿಬಲೆಯೊಳಗೇ ಇರಬೇಕು. ಅದರ ಮೈ 200 ಡಿಗ್ರಿ ಮುಟ್ಟುತ್ತದೆ, ಥರ್ಮೋಕೋಲ್ ಅಥವಾ ರಟ್ಟಿನ ಪೆಟ್ಟಿಗೆಗೆ ತಾಗಿದರೆ ಬೆಂಕಿ. ಎಲ್‌ಇಡಿ ಬಲ್ಬು ಹಚ್ಚಿಟ್ಟು ಬೆಚ್ಚಗಾಯಿತು ಎಂದುಕೊಳ್ಳಬೇಡಿ. 9 ವ್ಯಾಟಿನ ಬಲ್ಬಿನಿಂದ ಅಷ್ಟು ದೊಡ್ಡ ಗೂಡು ಬೆಚ್ಚಗಾಗುವುದಿಲ್ಲ.

ಮರಿ ಮತ್ತು ದೊಡ್ಡದು

ಅಂಗೈಯಲ್ಲಿ ಕೂರುವ ನೂರು ಗ್ರಾಂ ಮರಿ ಬಹಳ ಬೇಗ ಕೋಣೆಯಷ್ಟೇ ತಣ್ಣಗಾಗಿಬಿಡುತ್ತದೆ. ಮನೆಯಲ್ಲಿ ನಾಲ್ಕೈದು ಆಮೆ ಇದ್ದರೆ ಮೊದಲು ಪೆಟ್ಟಿಗೆ ಸೇರಬೇಕಾದ್ದು ಅದೇ. ಹತ್ತು ಹನ್ನೆರಡು ಕಿಲೋದ ಸುಲ್ಕಾಟಾ ಹಗಲಿಡೀ ಬಿಸಿಲು ಕಾದಿದ್ದರೆ ರಾತ್ರಿ ಹಲವು ಗಂಟೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಶತ್ರು ನೆಲ. ಸಿಮೆಂಟ್ ನೆಲ, ಕೆಂಪು ಗಾರೆ ನೆಲ ಕೆಳಗಿನಿಂದ ಬಿಸಿ ಹೀರುತ್ತಲೇ ಇರುತ್ತದೆ. ನಾಲ್ಕು ಇಟ್ಟಿಗೆಯ ಮೇಲೆ ಹಳೆ ಬಾಗಿಲ ಹಲಗೆ, ಅದರ ಮೇಲೆ ಹುಲ್ಲು ತುಂಬಿದ ಗೋಣಿಚೀಲ, ಸುತ್ತ ಮೂರು ಬದಿಗೆ ಹುಲ್ಲಿನ ಗೋಣಿ, ಮೇಲೆ ಬೆತ್ತದ ಬುಟ್ಟಿ ಕವುಚಿ ಕಂಬಳಿ ಹೊದಿಸಿ. ಎರಡು ಲೀಟರಿನ ಬಾಟಲಿ ಎರಡು ಬದಿಗೆ. ಕಂಬಳಿಯನ್ನು ನೇರವಾಗಿ ಆಮೆಯ ಮೇಲೆ ಹೊದಿಸಿದರೆ ಬೆಚ್ಚಗಾಗುವುದಿಲ್ಲ, ಹೊದಿಕೆ ಬಿಸಿಯನ್ನು ಹಿಡಿದಿಡಬಲ್ಲದೇ ಹೊರತು ಹುಟ್ಟಿಸಲಾರದು.

ಬೆಳಗ್ಗೆ

ಘಟ್ಟದ ಮೇಲೆ ಮಂಜು ಬಿಟ್ಟು ಬಿಸಿಲು ಚುರುಕಾದ ಮೇಲೆಯೇ ಹೊರಗೆ ಬಿಡಿ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬೇಡ. ಈ ಕಾಲದಲ್ಲಿ ಶಿರಸಿ ಸೀಮೆಯ ಅಂಗಳಗಳೆಲ್ಲ ಬೇಯಿಸಿದ ಅಡಿಕೆಯ ರಾಶಿ. ಅಡಿಕೆಯನ್ನಾಗಲಿ, ಅದನ್ನು ಬೇಯಿಸಿದ ಚೊಗರು ನೀರು ಚೆಲ್ಲಿದ ನೆಲವನ್ನಾಗಲಿ ಆಮೆ ಮೂಸಬಾರದು. ಮೈ ಬಿಸಿಯಾಗಿ ಓಡಾಡತೊಡಗಿದ ಮೇಲೆ ಗದ್ದದವರೆಗೆ ಬರುವ ಉಗುರುಬೆಚ್ಚನೆಯ ನೀರಿನಲ್ಲಿ ಹದಿನೈದು ನಿಮಿಷ ಕೂರಿಸಿ, ಒರೆಸಿ, ಆಮೇಲೆ ಸೊಪ್ಪು ಕೊಡಿ. ಬಿಸಿಲಿಗೆ ಬದಲಾಗಿ ಗೂಡಿನಲ್ಲಿ ಹಚ್ಚುವ ಯುವಿ ದೀಪ ಒಂದೆರಡು ದಿನ ಉರಿಯದಿದ್ದರೆ ಏನೂ ಆಗುವುದಿಲ್ಲ. ಮುಟ್ಟಿದವರೆಲ್ಲ ಸೋಪಿನಿಂದ ಕೈ ತೊಳೆಯಲಿ, ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ರೋಗಾಣು ಇರುತ್ತದೆ.

ರಾತ್ರಿ ಗಮನಿಸದೆ, ಬೆಳಗ್ಗೆ ಕೈಕಾಲು ಜೋತು ಬಿದ್ದ ಸ್ಥಿತಿಯಲ್ಲಿ ಸಿಕ್ಕರೆ ಒಲೆಯ ಮುಂದೆ ಇಡಬೇಡಿ. ಪೆಟ್ಟಿಗೆಯಲ್ಲೇ ಇಟ್ಟು ಗಂಟೆಗೆ ಎರಡು ಮೂರು ಡಿಗ್ರಿಯಂತೆ ಏರಿಸಿ. ಮುಂದಿನ ಒಂದು ವಾರ ಮೂಗು ನೋಡುತ್ತಿರಿ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಕತ್ತು ಚಾಚಿ ಉಸಿರಾಟ, ಸಿಳ್ಳಿನಂಥ ಸದ್ದು, ಇವು ಶ್ವಾಸಕೋಶದ ಸೋಂಕು. ಆಮೆಗೆ ನಮ್ಮಂತೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಇಲ್ಲ, ಕೆಮ್ಮಿ ಕಫ ಹೊರಹಾಕಲಾರದು, ಆದ್ದರಿಂದ ತಾನಾಗಿ ವಾಸಿಯಾಗುತ್ತದೆಂದು ಕಾಯಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ. ತೋರಿಸುವಾಗ ಒಂದು ಮಾತು ನೆನಪಿಸಿ: ದನಕರುಗಳ ಉಣುಗಿಗೆ, ಜಂತಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ.

ಕರೆಂಟು ಬಂದ ಕೂಡಲೇ ಹೀಟರ್ ಹಾಕಬೇಡಿ. ಮೊದಲು ಪ್ಲಗ್ ಕಿತ್ತಿಟ್ಟು, ವೋಲ್ಟೇಜ್ ನಿಂತಿತೆಂದು ಖಾತ್ರಿಯಾಗಲು ಹತ್ತು ನಿಮಿಷ ಕಾಯಿರಿ. ಡಿಜಿಟಲ್ ಥರ್ಮೋಸ್ಟಾಟ್ ಹಲವು ಸಲ ಕಂಪನಿಯ ಮೂಲ ಸಂಖ್ಯೆಗೆ ಹಿಂದಿರುಗಿರುತ್ತದೆ, ನಿಮ್ಮ ಸಂಖ್ಯೆಯನ್ನು ಮತ್ತೆ ಹಾಕಿ. ಮುಳ್ಳು ತಿರುಗುವ ಟೈಮರ್ ಕರೆಂಟು ಇಲ್ಲದಷ್ಟು ಹೊತ್ತು ನಿಂತಿರುತ್ತದೆ. ಆರು ಗಂಟೆ ಕರೆಂಟು ಇರಲಿಲ್ಲವಾದರೆ ಬಿಸಿಲುದೀಪ ಮಧ್ಯಾಹ್ನದವರೆಗೂ ಹೊತ್ತಿಕೊಳ್ಳುವುದಿಲ್ಲ. ಗೂಡು 26 ಡಿಗ್ರಿ ಮುಟ್ಟಿದ ಮೇಲೆಯೇ ಆಮೆಯನ್ನು ಪೆಟ್ಟಿಗೆಯಿಂದ ಎತ್ತಿ ಒಳಗೆ ಬಿಡಿ. ಪೆಟ್ಟಿಗೆಯನ್ನು ಒರೆಸಿ, ಮುಚ್ಚಳ ತೆರೆದು ಗಾಳಿಗಿಡಿ, ಬಾಟಲಿಗಳನ್ನು ಅದರೊಳಗೇ ಇಡಿ.