ಕೊಡಗಿನ ಹಳೇ ಪುಸ್ತಕ ನನಗೆ ಸಿಕ್ಕಿದ್ದು ಪುಸ್ತಕದಂಗಡಿಯಲ್ಲಲ್ಲ

ಕೊಡಗಿನ ಬಗ್ಗೆ ಬ್ರಿಟಿಷರ ಕಾಲದ ಪುಸ್ತಕ ಬೇಕಾದರೆ ಲಂಡನ್ನಿಗೆ ದುಡ್ಡು ಕಳಿಸಬೇಕು, ಇಲ್ಲಾಂದ್ರೆ ರೀಪ್ರಿಂಟ್ ಓದಿಕೊಂಡು ತೆಪ್ಪಗಿರಬೇಕು ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. "ಇಲ್ಲಿನ ಮಳೆಗೆ ಬೆಲ್ಟು ಚಪ್ಪಲಿಯೇ ಬೂಷ್ಟು ಹಿಡಿಯುತ್ತೆ, ನೂರೈವತ್ತು ವರ್ಷದ ಕಾಗದ ಉಳಿಯುತ್ತಾ ಮೇಷ್ಟ್ರೇ?" ಅಂತ ಮಡಿಕೇರಿಯ ಗೆಳೆಯರೊಬ್ಬರು ಪ್ರತಿ ಸಲ ಕೇಳೋರು. ಈಗ ನನ್ನ ಕಪಾಟಿನಲ್ಲಿ ರಿಕ್ಟರ್ ಅವರ 1870ರ ಕೊಡಗಿನ ಮ್ಯಾನ್ಯುಯಲ್ ಇದೆ. ಮೊಗ್ಲಿಂಗ್ ಅವರ 1855ರ ಕೂರ್ಗ್ ಮೆಮಾಯರ್ಸ್ ಇದೆ. ರೈಸ್ ಅವರ ಕೊಡಗಿನ ಶಾಸನಗಳು 1886ರದ್ದೂ ಇದೆ, ತಿದ್ದಿದ 1914ರದ್ದೂ ಇದೆ. ಎಲ್ಲವೂ ಮೂಲ ಮುದ್ರಣ. ಒಂದೂ ವಿದೇಶದಿಂದ ಬಂದಿದ್ದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲವು ವರ್ಷ ನಾನೂ ಎಲ್ಲರ ಹಾಗೆ ಅಲೆದೆ. ಬೆಂಗಳೂರಿನ ಅವೆನ್ಯೂ ರೋಡು, ಚರ್ಚ್ ಸ್ಟ್ರೀಟು, 2012ರಲ್ಲಿ ಒಂದು ಭಾಗ ಕುಸಿಯುವ ಮೊದಲು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ. ಅಲ್ಲಿ ಸಿಕ್ಕಿದ್ದು ಏನು? 1965ರ ಜಿಲ್ಲಾ ಗೆಜೆಟಿಯರ್, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಬರೆದ ಪುಸ್ತಕದ ಆಮೇಲಿನ ಮುದ್ರಣ, ಮತ್ತೆ ಅದೇ ಗೆಜೆಟಿಯರ್. ಹಳೇದು ಬಂದರೂ ನಮ್ಮ ಕೈಗೆ ಎಟುಕುವುದಿಲ್ಲ. ಬೆನ್ನಿನ ಮೇಲೆ ಕೂರ್ಗ್ ಅಂತ ಇದ್ದರೆ ಸಾಕು, ರೇಟು ಎರಡು ಮೂರು ಪಟ್ಟು. ರೆಸಾರ್ಟಿನವರು ರಿಸೆಪ್ಶನ್‌ನಲ್ಲಿ ಇಡೋದಕ್ಕೆ ಕೇಳಿದ ಬೆಲೆ ಕೊಟ್ಟು ಒಯ್ಯುತ್ತಾರೆ. ಒಳಗೆ ಏನಿದೆ ಅಂತ ಅವರು ಯಾವತ್ತೂ ತೆರೆದು ನೋಡಲ್ಲ, ನನಗೆ ಅದು ನಿಜವಾಗಿ ಹೊಟ್ಟೆ ಉರಿಸುತ್ತೆ.

ಆನ್‌ಲೈನ್ ಕಥೆ ಇನ್ನೂ ಕೆಟ್ಟದ್ದು. ಒಬ್ಬ ವ್ಯಾಪಾರಿ ಮೂಲ ಪ್ರತಿಯ ಫೋಟೋ ತೋರಿಸಿ, ಸುಮಾರು ಆರು ಸಾವಿರ ತಗೊಂಡು, ಜೆರಾಕ್ಸ್ ಮಾಡಿ ಚೆನ್ನಾಗಿ ಬೈಂಡ್ ಮಾಡಿದ ಪ್ರತಿ ಕಳಿಸಿದ. ಫೋನ್ ಮೇಲೆ ಫೋನ್ ಮಾಡಿದ ಮೇಲೆ ಅರ್ಧ ವಾಪಸ್ ಬಂತು. ರಿಜಿಸ್ಟರ್ಡ್ ಪಾರ್ಸೆಲ್ಲಿನ ಖರ್ಚು ನನ್ನ ತಲೆಗೇ.

ಆಮೇಲೆ ನಾನು ಹುಡುಕುವ ದಾರಿಯನ್ನೇ ಬದಲಿಸಿದೆ. ಎರಡೇ ಪ್ರಶ್ನೆ. ಈ ಪುಸ್ತಕ ಅಚ್ಚಾಗಿದ್ದು ಎಲ್ಲಿ? ಆ ಕಾಲದಲ್ಲಿ ಇದು ಯಾರ ಕೆಲಸಕ್ಕೆ ಬರುತ್ತಿತ್ತು?

ಮೊದಲನೆಯದಕ್ಕೆ ಉತ್ತರ ಟೈಟಲ್ ಪುಟದಲ್ಲೇ ಇರುತ್ತೆ, ನಾವು ನೋಡುವುದಿಲ್ಲ ಅಷ್ಟೇ. ಕೊಡಗಿನ ಆಗಿನ ದೊಡ್ಡ ಪುಸ್ತಕಗಳು ಕೊಡಗಿನಲ್ಲಿ ಅಚ್ಚಾದವಲ್ಲ. ರಿಕ್ಟರ್ ಮಡಿಕೇರಿಯಲ್ಲಿ ಮೇಷ್ಟ್ರಾಗಿದ್ದವರು, ಆದರೆ ಅವರ ಮ್ಯಾನ್ಯುಯಲ್ ಬಂದಿದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ. ಮೊಗ್ಲಿಂಗ್ ಅವರದ್ದು ಬೆಂಗಳೂರಿನ ವೆಸ್ಲಿಯನ್ ಮಿಶನ್ ಪ್ರೆಸ್ಸಿನದು. ಲೆಫ್ಟಿನೆಂಟ್ ಕಾನರ್, ಕೊಡಗನ್ನಾಳಿದ ಹಾಲೇರಿ ರಾಜರ ಕಾಲದಲ್ಲೇ ಮಾಡಿದ ಸರ್ವೆಯ ವರದಿ 1870ರಲ್ಲಿ ಅಚ್ಚಾಗಿದ್ದೂ ಬೆಂಗಳೂರಿನಲ್ಲೇ. ಅಂದರೆ ಉಳಿದ ಪ್ರತಿ, ಪ್ರೆಸ್ಸಿನವರ ಪ್ರತಿ, ಮಿಶನ್ ಶಾಲೆಗೆ ಹೋದ ಪ್ರತಿ ಎಲ್ಲ ಆ ಊರುಗಳಲ್ಲೇ ನಿಂತಿರಬೇಕು, ಅಲ್ವಾ? ಮಂಗಳೂರಿನ ಗೆಳೆಯರೊಬ್ಬರನ್ನು ಕಟ್ಟಿಕೊಂಡು ಹಳೇ ಕ್ರೈಸ್ತ ಮನೆಗಳಿಗೆ ಹೋದೆ. ಪುಸ್ತಕ ಇದೆಯಾ ಅಂತ ಕೇಳಬೇಡಿ, ಇಲ್ಲ ಅಂತಾರೆ. ಅಜ್ಜನ ಟ್ರಂಕ್ ಇದೆಯಾ ಅಂತ ಕೇಳಿ. ಹಾಗೆ ಕೇಳಿದ ಒಂದು ಮನೆಯಲ್ಲಿ, ಕೀರ್ತನೆ ಪುಸ್ತಕಗಳ ಅಡಿಯಲ್ಲಿ, ಮೊಗ್ಲಿಂಗ್ ಮತ್ತು ವೈಟ್‌ಬ್ರೆಕ್ಟ್ ಸೇರಿ ಜರ್ಮನ್ ಭಾಷೆಯಲ್ಲಿ ಬರೆದ, 1866ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೇ ಅಚ್ಚಾದ ಕೊಡಗಿನ ಪುಸ್ತಕ ಸಿಕ್ಕಿತು. ಚೂಪು ಚೂಪಾದ ಹಳೇ ಜರ್ಮನ್ ಅಕ್ಷರ. ಮನೆಯವರು ಅದನ್ನು ಬೈಬಲ್ಲಿನ ಭಾಗ ಅಂದುಕೊಂಡಿದ್ದರು. ಅದು ಏನು ಅಂತ ಹೇಳಿಯೇ ಕೇಳಿದೆ. ಒಂದೂವರೆ ಸಾವಿರವೋ ಎರಡು ಸಾವಿರವೋ ಕೊಟ್ಟ ನೆನಪು.

ಎರಡನೇ ಪ್ರಶ್ನೆಯೇ ನಿಜವಾದ ಗಣಿ. ಈ ಪುಸ್ತಕಗಳನ್ನು ಕೊಡಗಿನಲ್ಲಿ ದುಡ್ಡು ಕೊಟ್ಟು ತಗೊಂಡು, ಜೋಪಾನ ಮಾಡಿ, ಮಗನಿಗೂ ಬಿಟ್ಟುಹೋದವರು ಯಾರು? ವಕೀಲರು. ಜಮ್ಮಾ ಬಾಣೆ, ಅಂದರೆ ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಭೂಮಿಯ, ವ್ಯಾಜ್ಯ ನಮ್ಮಲ್ಲಿ ಮುಗಿಯೋದೇ ಇಲ್ಲ ಅಂತ ನಿಮಗೆಲ್ಲ ಗೊತ್ತು. ರಾಜರ ಕಾಲದ ಸನದು, ಕಂದಾಯದ ಲೆಕ್ಕ, 1899ರ ಕೂರ್ಗ್ ಭೂಕಂದಾಯ ರೆಗ್ಯುಲೇಶನ್, ಇದನ್ನೆಲ್ಲ ಕೋರ್ಟಿನಲ್ಲಿ ಎತ್ತಿ ತೋರಿಸಬೇಕಿತ್ತು. ಅದಕ್ಕೆ ರಿಕ್ಟರ್ ಬೇಕಿತ್ತು, ಕೊಡಗಿನ ಸಿವಿಲ್ ಕಾನೂನಿನ ಬಗ್ಗೆ ಬರೆದ ಕೋಲ್ ಬೇಕಿತ್ತು. ಈಗ ಮೂರನೇ ತಲೆಮಾರಿನ ಮಕ್ಕಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ, ಆಫೀಸು ಖಾಲಿ ಆಗುತ್ತೆ, ಪುಸ್ತಕ ಗುಜರಿಗೆ ಹೋಗುತ್ತೆ. ಅದಕ್ಕೂ ಒಂದು ವಾರ ಮೊದಲು ನಾನು ಅಲ್ಲಿರಬೇಕು. ಯಾವ ಆಫೀಸು ಖಾಲಿ ಆಗುತ್ತೆ ಅಂತ ನನಗೆ ಹೇಗೆ ಮೊದಲೇ ಗೊತ್ತಾಗುತ್ತೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಕ್ಷಮಿಸಿ.

ರಿಕ್ಟರ್ ಸಿಕ್ಕಿದ್ದು ಹೀಗೆ. ಮುಂದಿನ ಸಾಲಿನಲ್ಲಿ ಎಐಆರ್ ಅನ್ನುವ ಕೋರ್ಟ್ ತೀರ್ಪುಗಳ ಸಂಪುಟಗಳು, ಹಿಂದಿನ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು, ಹಳೇ ಪೇಪರಿನ ಹೊದಿಕೆ ಹಾಕಿದ ಒಂದು ದಪ್ಪ ಪುಸ್ತಕ. ಬೆನ್ನಿಗೆ ಒಂದು ಚೀಟಿ ಅಂಟಿಸಿ ಶಾಯಿಯಲ್ಲಿ 'ಜಮ್ಮಾ' ಅಂತ ಬರೆದಿತ್ತು, ಅಷ್ಟೇ. ಮುಚ್ಚಿದ ಪುಸ್ತಕವನ್ನು ಪಕ್ಕದಿಂದ ನೋಡಿದರೆ ಹಾಳೆಗಳ ಅಂಚಿನಲ್ಲಿ ಒಂದು ಕಡೆ ಮಾತ್ರ ಬೆರಳಗಲದ ಕಪ್ಪು ಪಟ್ಟಿ. ಅಲ್ಲಿ ತೆರೆದರೆ ಭೂಮಿಯ ಹಕ್ಕಿನ ಭಾಗ, ಸಾಲು ಸಾಲಿಗೂ ಪೆನ್ಸಿಲ್ ಗೆರೆ, ಎರಡು ಬೇರೆ ಬೇರೆ ಕೈಬರಹ. ಉಳಿದ ಹಾಳೆಗಳನ್ನು ಯಾರೂ ಮುಟ್ಟಿದ ಹಾಗೆ ಕಾಣಲಿಲ್ಲ. ಆ ಮನೆಯ ಅಕ್ಕ ದುಡ್ಡೇ ಬೇಡ ಅಂದರು. ನಾನೇ ಎಂಟು ಸಾವಿರ ಕೈಗಿಟ್ಟೆ. ಬೆಂಗಳೂರಿನಲ್ಲಿ ಇದೇ ಪುಸ್ತಕಕ್ಕೆ ನನಗೆ ಇಪ್ಪತ್ತೈದು ಸಾವಿರದ ಮೇಲೆ ಹೇಳಿದ್ದರು. ಆ ಪೆನ್ಸಿಲ್ ಗೆರೆ ಅಳಿಸಿಸಿ ಅಂತ ಒಬ್ಬ ಬೈಂಡರ್ ಹೇಳಿದ. ಖಂಡಿತ ಅಳಿಸಲ್ಲ. ಆ ಗೆರೆಯೂ ಕೊಡಗಿನ ಇತಿಹಾಸವೇ.

ತಪ್ಪಿಸಿಕೊಂಡು ಗುಜರಿಗೆ ಹೋದದ್ದಕ್ಕೆ ಬೇರೆ ಏರ್ಪಾಡು. ಇಂಗ್ಲಿಷ್ ಅಕ್ಷರದಲ್ಲಿ ಕೂರ್ಗ್, ಮಡಿಕೇರಿಯ ಹಳೇ ಹೆಸರು ಮರ್ಕಾರಾ, ಕುಶಾಲನಗರದ ಹಳೇ ಹೆಸರು ಫ್ರೇಜರ್‌ಪೇಟ್, ಕೆಳಗೆ ಕನ್ನಡದಲ್ಲಿ ಕೊಡಗು ಅಂತ ದಪ್ಪಗೆ ಬರೆದ ಕಾರ್ಡು ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ಗುಜರಿ ಅಂಗಡಿಗಳಲ್ಲಿ ತಕ್ಕಡಿ ಪಕ್ಕ ನೇತುಹಾಕಿಸಿದೆ. ಒಂದು ಅಂಗಡಿಯ ಇಕ್ಕನಿಗೆ, ಅಂದರೆ ಅಣ್ಣನಿಗೆ, ಹೇಳಿದೆ: "ಇಕ್ಕಾ, ಇದರಲ್ಲಿ ಯಾವ ಪದ ಕಂಡ್ರೂ ಹರಿಯಬೇಡಿ, ಪಕ್ಕಕ್ಕಿಡಿ. ಕೆಜಿ ಲೆಕ್ಕ ಬೇಡ, ಒಂದಕ್ಕೆ ನೂರು ರೂಪಾಯಿ."

"ಬೇಡದ್ದು ಬಂದ್ರೆ ಸಾರ್?"

"ಅದಕ್ಕೂ ನೂರು."

ಮೊದಮೊದಲು ಬಂದದ್ದು ಪೂರ್ತಿ ಕಸ. ಹೋಟೆಲ್ ಮೆನು, ಟೂರಿಸ್ಟ್ ನಕ್ಷೆ, ಶಾಲೆ ನೋಟ್ಸು, ಯಾರದ್ದೋ ಮದುವೆ ಕಾಗದ. ಎಲ್ಲದಕ್ಕೂ ಕೊಟ್ಟೆ, ಮುಖ ಸಿಂಡರಿಸಲಿಲ್ಲ. ಆರೇಳು ಸಾವಿರ ಹಾಗೇ ಹೋಯಿತು, ನಮ್ಮ ಬಳಗದಲ್ಲಿ ನಕ್ಕರು. ಆದರೆ ಆ ದುಡ್ಡಿನಿಂದಲೇ ಇಕ್ಕನಿಗೆ ನನ್ನ ಮೇಲೆ ನಂಬಿಕೆ ಬಂತು. ಒಂದು ದಿನ ರೈಸ್ ಅವರ ಮೈಸೂರು ಮತ್ತು ಕೂರ್ಗ್ ಗೆಜೆಟಿಯರಿನ ಮೂರನೇ ಸಂಪುಟ, 1878ರದ್ದು, ಪೂರ್ತಿ ಕೊಡಗಿನದ್ದೇ, ಸಿಮೆಂಟ್ ಚೀಲದಲ್ಲಿ ಕಟ್ಟಿಟ್ಟು ಫೋನ್ ಮಾಡಿದರು. ರಟ್ಟು ಇರಲಿಲ್ಲ, ಒಳಗಿನ ಹಾಳೆ ಅಷ್ಟೂ ಇತ್ತು. ನಾನು ನೂರರ ಬದಲು ಎರಡು ಸಾವಿರ ಕೊಟ್ಟೆ. ಸುದ್ದಿ ಬೇರೆ ಗುಜರಿ ಅಂಗಡಿಗಳಿಗೂ ಹೋಯಿತು, ಹೋಗಲಿ ಅಂತಲೇ ಕೊಟ್ಟಿದ್ದು.

ಕಾಫಿ ತೋಟದ ಬಂಗಲೆಗಳಲ್ಲಿ ನಿಧಿ ಇರುತ್ತೆ ಅಂತ ಎಲ್ಲರೂ ಹೇಳ್ತಾರೆ. 1854ರಿಂದ ಬಿಳಿ ದೊರೆಗಳು ತೋಟ ಮಾಡಿದ ಜಾಗ, ಇರಲೇಬೇಕು ಅನ್ನಿಸುತ್ತೆ. ನನ್ನ ಅನುಭವದಲ್ಲಿ ಅಲ್ಲಿರೋದು ಪತ್ತೇದಾರಿ ಕಾದಂಬರಿ ಮತ್ತು ಗೊಬ್ಬರದ ಕ್ಯಾಟಲಾಗ್. ಪೆಟ್ರೋಲ್ ದಂಡ.

ಐನ್‌ಮನೆಗಳ, ಅಂದರೆ ಕೊಡವ ಮನೆತನಗಳ ಮೂಲ ಮನೆಗಳ, ವಿಷಯ ಬೇರೆ. ನಡಿಕೇರಿಯಂಡ ಚಿಣ್ಣಪ್ಪ ಅವರ ಕೊಡವ ಜಾನಪದ ಹಾಡುಗಳ ಸಂಗ್ರಹ ಪಟ್ಟೋಲೆ ಪಳಮೆಯ 1924ರ ಮೊದಲ ಮುದ್ರಣ ಒಂದು ಐನ್‌ಮನೆಯಲ್ಲಿ ನೋಡಿದೆ, ನಡುಮನೆಯ ನೆಲ್ಲಕ್ಕಿ ಬಾಡೆಯಲ್ಲಿ ಕೂತು ಹಾಳೆ ತಿರುವಿದೆ. ಬೆಲೆ ಕೇಳಲಿಲ್ಲ. ಅದು ಆ ಮನೆಯಲ್ಲೇ ಇರಬೇಕು. ಮನೆಯವರು ಒಪ್ಪಿದರು, ಫೋಟೋ ತೆಗೆದುಕೊಂಡು ಬಂದೆ. ಹೀಗೆ ಫೋಟೋ ತೆಗೆದಿಡುವುದು ಎಷ್ಟು ಮುಖ್ಯ ಅಂತ 2018ರ ಆಗಸ್ಟ್ ಕಲಿಸಿತು. ಮಕ್ಕಂದೂರು ಕಡೆ ಗುಡ್ಡ ಜಾರಿದಾಗ, ನನಗೆ ಗೊತ್ತಿದ್ದ ಒಂದು ಮನೆಯ ಅಟ್ಟ, ಅದರಲ್ಲಿದ್ದ ಕಡತ, ಹಳೇ ಪಂಚಾಂಗ ಎಲ್ಲ ಮಣ್ಣಿನಡಿ ಹೋಯಿತು. ಆ ಮನೆಯ ಜನ ಉಳಿದರು, ಅದು ದೊಡ್ಡದು. ಆದರೆ ಮಳೆ ಕಳೆದು ಬನ್ನಿ ಅಂತ ಅವರು ಹೇಳಿದ್ದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತೆ.

ಇನ್ನು ಬೂಷ್ಟು. ಇದರಲ್ಲಿ ಸುಮಾರು ಪ್ರಯೋಗ ಮಾಡಿದ್ದೇನೆ. ಬಟ್ಟೆ ಬೀರುವಿಗೆ ಹಾಕುವ ಹಾಗೆ 40 ವ್ಯಾಟ್ ಬಲ್ಬ್ ಪುಸ್ತಕದ ಕಪಾಟಿಗೆ ಹಾಕಿದರೆ ಹತ್ತಿರದ ಚರ್ಮದ ರಟ್ಟು ಸೀಳುತ್ತೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟರೆ ಹುಳ ಬರಲ್ಲ, ಕಾಗದ ಮಾತ್ರ ಕಂದಾಗಿ ಪುಡಿಪುಡಿ ಆಗುತ್ತೆ. ಇದನ್ನು ಬೇಡದ ಪಠ್ಯಪುಸ್ತಕ ಇಟ್ಟು ನೋಡಿದೆ, ಒಳ್ಳೆಯದನ್ನಲ್ಲ. ಬೇವಿನ ಎಲೆ, ಬಜೆ, ಲವಂಗ ಎಲ್ಲ ವಾಸನೆಗೆ ಸರಿ. ಗೆದ್ದದ್ದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಮತ್ತು ಸಿಲಿಕಾ ಜೆಲ್. ಮೇ ಕೊನೆಗೆ ಬಿಸಿಲಲ್ಲಿ ನೆರಳು ಮಾಡಿ ಒಣಗಿಸಿ ಡಬ್ಬಕ್ಕೆ ಹಾಕಿದರೆ ಸೆಪ್ಟೆಂಬರ್ ತನಕ ತೆಗೆಯೋದೇ ಇಲ್ಲ, ನೀಲಿ ಕಾಳು ಗುಲಾಬಿ ಆದಾಗ ಕಾಳನ್ನು ಮಾತ್ರ ಬದಲಿಸುತ್ತೇನೆ. ಐನೂರು ಆರುನೂರಕ್ಕೆ ಬರುವ ತೇವಾಂಶದ ಮೀಟರ್ ಒಂದು ಒಳಗಿರಲಿ, ಶೇಕಡಾ 60 ದಾಟಬಾರದು. ಹುಳ ಇರುವ ಪುಸ್ತಕ ಬಂದರೆ ಎರಡು ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ, ಬೇಕರಿ ಗೆಳೆಯನ ಡೀಪ್ ಫ್ರೀಜರ್‌ನಲ್ಲಿ ಒಂದೆರಡು ವಾರ. ಹೊರಗೆ ತೆಗೆದ ಮೇಲೆ ಒಂದು ದಿನ ಪೂರ್ತಿ ಕವರ್ ಬಿಚ್ಚಬಾರದು, ಬಿಚ್ಚಿದರೆ ನೀರು ಕೂರುತ್ತೆ. ಚರ್ಮದ ರಟ್ಟಿಗೆ ನಾನು ಹಚ್ಚುವ ಮಿಶ್ರಣ ಒಂದಿದೆ, ಇನ್ನೂ ಎರಡು ಮಳೆಗಾಲ ನೋಡಿ ಹೇಳುತ್ತೇನೆ.

ಒಟ್ಟು ಖರ್ಚು ಎಲ್ಲ ಸೇರಿ ಒಂದೂವರೆ ಲಕ್ಷದ ಆಸುಪಾಸು, ಅದರಲ್ಲಿ ಪುಸ್ತಕಕ್ಕೇ ಹೋದದ್ದು ಅರ್ಧ ಇರಬಹುದು. ಉಳಿದದ್ದು ಓಡಾಟ, ಬೈಂಡಿಂಗ್, ಡಬ್ಬ, ಕಸಕ್ಕೆ ಕೊಟ್ಟ ನೂರುಗಳು. ನಾನು ಏನನ್ನೂ ಮಾರುವುದಿಲ್ಲ, ಬದಲಿಗೆ ಬದಲಿ ಮಾತ್ರ. ಈಗ 1965ರ ಗೆಜೆಟಿಯರ್ ಜಾಸ್ತಿ ಇವೆ, ರೈಸ್ ಅವರ 1914ರ ಶಾಸನಗಳು ಒಂದು ಪ್ರತಿ ಹೆಚ್ಚಿಗೆ ಇದೆ, ಬೆನ್ನು ಸ್ವಲ್ಪ ಸಡಿಲ. ನನಗೆ ಬೇಕಾಗಿರೋದು ಕೋಲ್ ಅವರ 1867ರ ಕೊಡವ ವ್ಯಾಕರಣ, ಮತ್ತು ಅವರದೇ 1871ರ ಸಿವಿಲ್ ಕಾನೂನಿನ ಪುಸ್ತಕ. ರಟ್ಟು ಇಲ್ಲದಿದ್ದರೂ ನಡೆಯುತ್ತೆ, ಹಾಳೆ ಪೂರ್ತಿ ಇರಬೇಕು.