ಮಸಾರಿ ಹೊಲದಲ್ಲಿ ನೆಗ್ಗಿಲು ಬೆಳೆದದ್ದು: ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನ ನಮ್ಮ ಮರಳು ಮಸಾರಿ ಹೊಲದಲ್ಲಿ ಶೇಂಗಾ ಸಾಲಿನ ನಡುವೆ ನೆಗ್ಗಿಲು, ಅಂದರೆ ಔಷಧಿಗೆ ಬಳಸುವ ಮುಳ್ಳುಕಾಯಿಯ ಗಿಡ, ಎದ್ದರೆ ಕಿತ್ತು ಬದುವಿಗೆ ಎಸೆಯುವುದೇ ವಾಡಿಕೆ. ಅದನ್ನೇ ಬಿತ್ತುತ್ತೇನೆಂದಾಗ ದೊಡ್ಡಪ್ಪ, "ತಾನೇ ಬರೋ ಕಳೆಗೆ ಬಿತ್ತನೆ ಯಾಕೋ ತಮ್ಮಾ" ಎಂದು ಗದರಿದ್ದರು.

ಮೊದಲ ವರ್ಷ ಅರ್ಧ ಎಕರೆಗೆ ಹೊಸ ಕಾಯಿಯನ್ನು ಇಡಿಯಾಗಿ ಚೆಲ್ಲಿ ಕುಂಟೆ ಹೊಡೆಸಿದೆ. ಮಳೆ ಹದವಾಗಿಯೇ ಬಿದ್ದರೂ ನೂರಕ್ಕೆ ಹತ್ತೂ ಮೊಳೆಯಲಿಲ್ಲ. ಉಳುಮೆ, ಆಳು ಎಲ್ಲ ಸೇರಿ ಸುಮಾರು 4,000 ರೂಪಾಯಿ ಮಣ್ಣುಪಾಲಾಯಿತು. ಮರುವರ್ಷ ರಾತ್ರಿಯಿಡೀ ನೆನೆಸಿ ಬಿತ್ತಿದರೂ ಅದೇ ಗತಿಯಾಯಿತು. ಆಗ ಒಂದು ಕಾಯಿಯನ್ನು ಕಲ್ಲಿನ ಮೇಲಿಟ್ಟು ಒಡೆದು ನೋಡಿದೆ. ಐದು ಹೋಳು, ಹೋಳೊಂದಕ್ಕೆ ಎರಡು ಉದ್ದ ಮುಳ್ಳು ಮತ್ತು ಎರಡು ಗಿಡ್ಡ ಮುಳ್ಳು, ಒಳಗೆ ಕಟ್ಟಿಗೆಯಷ್ಟು ಗಟ್ಟಿಯಾದ ಗೋಡೆಗಳ ನಡುವೆ ಒಂದರ ಮೇಲೊಂದು ಕುಳಿತ ಸಣ್ಣ ಬೀಜಗಳು. ನೀರು ಒಳಗಿಳಿಯುವ ದಾರಿಯೇ ಕಾಣಲಿಲ್ಲ.

ಮೂರನೆಯ ವರ್ಷ, ಬೇಸಿಗೆ ಪೂರ್ತಿ ಗೋಣಿಚೀಲದಲ್ಲಿ ಕಳೆದ ಹಳೆಯ ಕಾಯಿಯನ್ನು ದಪ್ಪ ಮರಳಿನೊಂದಿಗೆ ಒರಳಿಗೆ ಹಾಕಿ, ಮುಳ್ಳು ಮುರಿದು ಹೋಳು ಬಿಡಿಯಾಗುವಷ್ಟು ಮಾತ್ರ ಹಗುರವಾಗಿ ಕುಟ್ಟಿ, ಅನಂತರ ನೆನೆಸಿದೆ. ನೆನೆಸುವ ನೀರಿಗೆ ಏನು ಬೆರೆಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷದ ನಷ್ಟ ತೆತ್ತು ಕಲಿತದ್ದು ಅದು. ನೂರಕ್ಕೆ ಅರವತ್ತರಷ್ಟು ಮೊಳೆಯಿತು. ಸುತ್ತಲಿನ ಹಳ್ಳಿಗಳಲ್ಲಿ ನೆಗ್ಗಿಲನ್ನು ಸಾಲು ಹಿಡಿದು ಬೆಳೆದವನು ನಾನೊಬ್ಬನೇ.

ಕಾಯಿ ಪೂರ್ತಿ ಒಣಗುವವರೆಗೆ ಕಾದರೆ ಹೋಳುಗಳು ಉದುರಿ ಮರಳಿನಲ್ಲಿ ಸೇರುತ್ತವೆ, ಜರಡಿ ಹಿಡಿದರೂ ಅರ್ಧ ಸಿಗುವುದಿಲ್ಲ. ಆದ್ದರಿಂದ ಹಸಿರು ತಿಳಿಯಾಗುತ್ತಿದ್ದಂತೆಯೇ ಗಿಡವನ್ನು ಬೇರುಸಹಿತ ಕಿತ್ತು ಕಣದಲ್ಲಿ ಒಣಗಿಸಿ ಬಡಿದೆ. ಬೇರು ದಶಮೂಲಕ್ಕೆ, ಅಂದರೆ ಹತ್ತು ಬೇರುಗಳ ಆಯುರ್ವೇದ ಔಷಧಿಗೆ, ಬೇಕಾದದ್ದು, ಅದನ್ನು ಬೇರೆಯಾಗಿಯೇ ಕಟ್ಟಿಟ್ಟೆ.

ದಾವಣಗೆರೆಯ ವ್ಯಾಪಾರಿಯೊಬ್ಬರು ಮೊದಲ ಚೀಲವನ್ನೇ ಹಿಂದಿರುಗಿಸಿದರು, ಏಕೆಂದರೆ ಬದುವಿನ ಆನೆನೆಗ್ಗಿಲು ಎಂಬ ಬೇರೆಯದೇ ಗಿಡದ ಕಾಯಿ ಅದರಲ್ಲಿ ಬೆರೆತಿತ್ತು. ಅದರ ಕಾಯಿ ದೊಡ್ಡದು, ನಾಲ್ಕು ಮೂಲೆಯದು. ಹಸಿ ಸೊಪ್ಪನ್ನು ನೀರಿನಲ್ಲಿ ಅಲ್ಲಾಡಿಸಿದರೆ ನೀರು ಲೋಳೆಯಾಗುತ್ತದೆ. ಆಮೇಲೆ ಮನೆಯವರೆಲ್ಲ ಕುಳಿತು ಮೊರದಲ್ಲಿ ಆರಿಸಿ ಒಯ್ದೆವು. ಸುಮಾರು ಎರಡು ಕ್ವಿಂಟಲ್ ಕಾಯಿಗೆ ಕೆಜಿಗೆ 80ರ ಆಸುಪಾಸು ದರ ಸಿಕ್ಕಿತು. ಖರ್ಚು ಕಳೆದು ಎಂಟು ಸಾವಿರದಷ್ಟು ಉಳಿದಿರಬೇಕು.

ಶೇಂಗಾದೊಡನೆ ಅಕ್ಕಡಿಯಾಗಿಯೂ ನಾಲ್ಕು ಸಾಲು ಹಾಕಿ ನೋಡಿದ್ದೆ. ಮುಳ್ಳು ಚುಚ್ಚಿ ಶೇಂಗಾ ಕೀಳುವವರು ಎರಡನೆಯ ದಿನ ಬರಲಿಲ್ಲ, ಅದನ್ನು ಕೈಬಿಟ್ಟೆ. ಈ ಮುಂಗಾರಿಗೆ ಒಂದು ಎಕರೆ ಪೂರ್ತಿ ನೆಗ್ಗಿಲಿಗೇ ಮೀಸಲಿಟ್ಟು, ಕುರಿ ಮಂದೆ ನುಗ್ಗದಂತೆ ಜಾಲಿ ಮುಳ್ಳಿನ ಬೇಲಿ ಹಾಕಿಸುತ್ತಿದ್ದೇನೆ. ಹಸಿ ನೆಗ್ಗಿಲನ್ನು ಹೆಚ್ಚು ಮೇಯ್ದ ಕುರಿಗೆ ಬಿಸಿಲಿನಲ್ಲಿ ಮುಖ ಊದಿಕೊಳ್ಳುವ ರೋಗ ಬರಬಹುದು.