ಆಯಿಲ್ ಫಿಲ್ಟರ್ ಬಿಗಿದು ಕೂತಿದೆಯಾ? ಮೊದಲು ಡ್ರೈನ್ ಬೋಲ್ಟಿನಿಂದ ಕೈ ತೆಗೆಯಿರಿ

ಎಂಜಿನ್ ಆಯಿಲ್ ಬದಲಿಸುವಾಗ ಎಲ್ಲರೂ ಮಾಡುವುದು ಒಂದೇ ರೀತಿ. ಕೆಳಗೆ ಪಾತ್ರೆ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚುತ್ತೇವೆ. ಹಳೆ ಆಯಿಲ್ ಪೂರ್ತಿ ಇಳಿದ ಮೇಲೆ ಫಿಲ್ಟರಿಗೆ ಕೈ ಹಾಕುತ್ತೇವೆ. ಹೋದ ವರ್ಷದವರೆಗೆ ನಾನೂ ಹಾಗೇ ಮಾಡುತ್ತಿದ್ದೆ.

ನಮ್ಮ ಹೊಲ ರಾಣೆಬೆನ್ನೂರಿನ ಕಡೆ. ಜೂನ್‌ನಲ್ಲಿ ಹದ ಮಳೆ ಬಿದ್ದಿತ್ತು, ಮರುದಿನ ಗೋವಿನಜೋಳ ಬಿತ್ತಬೇಕು. ಟ್ರ್ಯಾಕ್ಟರಿನ ಮೀಟರ್ ನೋಡಿದರೆ ಹಿಂದಿನ ಸರ್ವಿಸಿನಿಂದ 250 ಗಂಟೆ ದಾಟಿತ್ತು. ಬಿತ್ತನೆಗೆ ಮೊದಲೇ ಮುಗಿಸೋಣ ಅಂತ ಸಂಜೆ ಆಯಿಲ್ ಇಳಿಸಿದೆ. ಫಿಲ್ಟರ್ ಮಾತ್ರ ಅಲುಗಲಿಲ್ಲ. ಹಿಂದಿನ ಸಲ ಹಾಕಿದವರು ಪಾನಾ ಹಚ್ಚಿ ಬಿಗಿದಿದ್ದರು. ಎಂಜಿನ್‌ನಲ್ಲಿ ಒಂದು ಹನಿ ಆಯಿಲ್ ಇಲ್ಲ, ಗ್ಯಾರೇಜಿಗೆ ಒಯ್ಯುವ ಹಾಗೂ ಇಲ್ಲ. ಹೊಸ ಆಯಿಲನ್ನು ಹಳೆ ಫಿಲ್ಟರಿನ ಮೇಲೇ ಸುರಿಯಲು ಮನಸ್ಸು ಒಪ್ಪಲಿಲ್ಲ. ನಾನು, ನನ್ನ ಮಗಳು ರಾತ್ರಿ ಒಂಬತ್ತರವರೆಗೆ ಬ್ಯಾಟರಿ ಹಿಡಿದು ಕೂತೆವು.

ಅದಕ್ಕೇ ಮೊದಲು ಈ ಮಾತು ಹೇಳುತ್ತೇನೆ. ಆಯಿಲ್ ಇಳಿಸುವ ಮುಂಚೆ ಫಿಲ್ಟರನ್ನು ಕಾಲು ಸುತ್ತು ಸಡಿಲ ಮಾಡಿ ನೋಡಿ. ಸಡಿಲವಾಯಿತಾ, ಹಾಗೇ ಬಿಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಸ್ವಲ್ಪ ಆಯಿಲ್ ಜಿನುಗುತ್ತದೆ, ಜಿನುಗಲಿ. ಸಡಿಲ ಮಾಡಿದ ಮೇಲೆ ಎಂಜಿನ್ ಮಾತ್ರ ಚಾಲು ಮಾಡಬೇಡಿ. ಫಿಲ್ಟರ್ ಅಲುಗದೇ ಇದ್ದರೆ ಆಯಿಲ್ ಇನ್ನೂ ಒಳಗೇ ಇದೆ ಅಲ್ವಾ, ಗಾಡಿ ಓಡಿಸಿಕೊಂಡೇ ಮೆಕ್ಯಾನಿಕ್ ಹತ್ತಿರ ಹೋಗಬಹುದು. ಹೊಸ ಫಿಲ್ಟರ್ ಕೈಯಲ್ಲಿ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಫಿಲ್ಟರಿಗೆ ಕೈ ಹಾಕುವ ಮುಂಚೆ, ಆಯಿಲ್ ಒಳಗೆ ಇರುವಾಗಲೇ ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ. ಫಿಲ್ಟರ್ ಎಂಜಿನ್ನಿಗೆ ಕೂಡುವಲ್ಲಿರುವ ರಬ್ಬರ್ ರಿಂಗ್ ಸ್ವಲ್ಪ ಮೆತ್ತಗಾಗುತ್ತದೆ. ದಿನವಿಡೀ ದುಡಿದು ಬಂದ ಗಾಡಿಯಾದರೆ ಆರಲು ಬಿಡಿ, ಕಾದ ಆಯಿಲ್ ಕೈ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಸಮನೆಲದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಕೀ ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿ.

ಯಾವ ಕಡೆ ತಿರುಗಿಸಬೇಕು ಅನ್ನುವುದರಲ್ಲೇ ಬಹಳ ಜನ ತಪ್ಪುತ್ತಾರೆ. ಫಿಲ್ಟರಿನ ಮುಚ್ಚಿದ ತಳವನ್ನು ಎದುರಿಗೆ ಇಟ್ಟುಕೊಂಡು ನೋಡಿದರೆ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುಗಿಸಬೇಕು. ನಮ್ಮದರಲ್ಲಿ ಫಿಲ್ಟರ್ ಕೆಳಮುಖವಾಗಿ ನೇತಾಡುತ್ತದೆ, ನಾನು ಮೇಲಿನಿಂದ ಬಗ್ಗಿ ಕೈ ಹಾಕಿದ್ದೆ. ಮೇಲಿನಿಂದ ನೋಡುವವರಿಗೆ ದಿಕ್ಕು ಉಲ್ಟಾ ಆಗುತ್ತದೆ. ಮಗಳು ಪಕ್ಕದಲ್ಲಿ ಕೂತವಳು, "ಅಪ್ಪಾ, ಉಪ್ಪಿನಕಾಯಿ ಡಬ್ಬಿ ತಲೆಕೆಳಗೆ ಹಿಡಿದ ಹಾಗೆ ಇದು, ನೀನು ಬಿಗಿ ಮಾಡ್ತಾ ಇದ್ದೀಯ" ಅಂದಳು. ಹೌದು, ಅಲ್ಲಿಯವರೆಗೆ ಬಿಗಿ ಮಾಡುತ್ತಲೇ ಇದ್ದೆ. ನೀವು ಒಂದು ಬಾಣದ ಗುರುತನ್ನು ಸೀಮೆಸುಣ್ಣದಲ್ಲಿ ಫಿಲ್ಟರ್ ಮೇಲೇ ಬರೆದುಕೊಳ್ಳಿ.

ಈಗ ಹಿಡಿತ. ಫಿಲ್ಟರ್ ಮೇಲಿನ ಮಣ್ಣು, ಜಿಡ್ಡು ಎಲ್ಲ ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಹಳೆ ಸೈಕಲ್ ಟ್ಯೂಬಿನ ಒಂದು ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಎರಡೂ ಕೈಯಿಂದ ಹಿಡಿದು ತಿರುಗಿಸಿ. ಎಮರಿ ಪೇಪರಿನ ಒರಟು ಮೈಯನ್ನು ಫಿಲ್ಟರಿಗೆ ತಾಗಿಸಿ ಹಿಡಿದರೂ ನಡೆಯುತ್ತದೆ. ಸಾಧಾರಣ ಬಿಗಿ ಇದ್ದರೆ ಇಷ್ಟಕ್ಕೇ ಬಿಡುತ್ತದೆ.

ಬಿಡದಿದ್ದರೆ ಚೈನ್ ಪಾನಾ ಅಥವಾ ಬೆಲ್ಟ್ ಪಾನಾ. ಅದನ್ನು ಫಿಲ್ಟರಿನ ತುದಿಗೆ ಹಾಕಬೇಡಿ, ಎಂಜಿನ್ನಿಗೆ ಕೂಡುವ ಬುಡಕ್ಕೆ ಹಾಕಿ. ಡಬ್ಬಿಯ ತಗಡು ತೆಳು, ತುದಿಯಲ್ಲಿ ಹಿಡಿದರೆ ನಜ್ಜುಗುಜ್ಜಾಗುತ್ತದೆ. ಬುಡದಲ್ಲಿ ಒಳಗೆ ದಪ್ಪ ತಟ್ಟೆ ಇರುತ್ತದೆ, ಅಲ್ಲಿ ಗಟ್ಟಿ. ಜೋರಾಗಿ ಜಗ್ಗುವುದಕ್ಕಿಂತ ಒಂದೇ ಸಮನೆ ಭಾರ ಹಾಕಿ. "ಟಕ್" ಅಂತ ಒಂದು ಸದ್ದು ಬಂದರೆ ರಿಂಗ್ ಬಿಟ್ಟಿತು ಅಂತ ಅರ್ಥ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮರೆ, ಅಂದರೆ ತಿರುಪಿನ ಗೆರೆ, ಇರುವುದು ರಬ್ಬರ್ ರಿಂಗಿನ ಒಳಗಡೆ. ಹೊರಗೆ ಹೊಡೆದ ಸ್ಪ್ರೇ ಅಲ್ಲಿಗೆ ಹೋಗುವುದೇ ಇಲ್ಲ, ಇದ್ದ ಹಿಡಿತವೂ ಜಾರುತ್ತದೆ. ಬೆಂಕಿ ಹಚ್ಚಿ ಬಿಸಿ ಮಾಡುವುದಂತೂ ಬೇಡವೇ ಬೇಡ. ಆಯಿಲ್, ಡೀಸೆಲ್ ಪಕ್ಕದಲ್ಲಿ ಬೆಂಕಿ ತರುವ ಕೆಲಸವಲ್ಲ ಇದು.

ಆ ರಾತ್ರಿ ನಮ್ಮದು ಪಾನಾಕ್ಕೂ ಬಗ್ಗಲಿಲ್ಲ. ಕೊನೆಗೆ ಉದ್ದ ಸ್ಕ್ರೂಡ್ರೈವರ್ ಹೊಡೆದೆ. ಈ ದಾರಿಗೆ ಇಳಿದ ಮೇಲೆ ಹಿಂದೆ ಬರುವ ಹಾಗಿಲ್ಲ, ಫಿಲ್ಟರ್ ತೂತಾದರೆ ಗಾಡಿ ಚಾಲು ಮಾಡುವಂತಿಲ್ಲ. ಎಂಜಿನ್ನಿಗೆ ಹತ್ತಿರ ಹೊಡೆಯಬೇಡಿ, ಅಲ್ಲಿ ಫಿಲ್ಟರನ್ನು ತಿರುಗಿಸಿ ಕೂರಿಸುವ ಸ್ಟಡ್ ಇರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ಮರೆ ಹಾಳು. ಡಬ್ಬಿಯ ದೂರದ ಅರ್ಧದಲ್ಲಿ, ಒಂದು ಮೈಯಿಂದ ಇನ್ನೊಂದು ಮೈಗೆ ಆರುಪಾರಾಗಿ ಹೊಡೆದು, ಅದನ್ನೇ ಹಿಡಿ ಮಾಡಿಕೊಂಡು ತಿರುಗಿಸಬೇಕು. ತಗಡು ಹರಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ನಮ್ಮದು ಹರಿಯಿತು.

ಆಮೇಲೆ ಉಳಿದದ್ದು ಬುಡದ ತಟ್ಟೆ ಮಾತ್ರ. ಅದರ ಅಂಚಿಗೆ ಚಾಣವನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು ಕೊಟ್ಟೆ. ಏಳೆಂಟು ಏಟಿಗೆ ಕೂದಲೆಳೆಯಷ್ಟು ಸರಿಯಿತು, ಆಮೇಲೆ ಕೈಗೆ ಬಂತು. ಚಾಣ ಎಂಜಿನ್ನಿನ ಮೈಗೆ ತಾಗದ ಹಾಗೆ ನೋಡಿಕೊಳ್ಳಿ. ರಿಂಗ್ ಕೂರುವ ಆ ನುಣುಪು ಜಾಗಕ್ಕೆ ಗೆರೆ ಬಿದ್ದರೆ ಮುಂದೆ ಆಯಿಲ್ ಸೋರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ತಗಡಿನ ಚೂರು ಹಾರುತ್ತವೆ.

ಬಿಚ್ಚಿದ್ದು ಆಯಿತು ಅಂತ ಹೊಸದನ್ನು ಆತುರದಲ್ಲಿ ಹಾಕಬೇಡಿ. ಹಳೆ ರಬ್ಬರ್ ರಿಂಗ್ ಫಿಲ್ಟರಿನ ಜೊತೆ ಬಂದಿದೆಯಾ ನೋಡಿ. ಎಷ್ಟೋ ಸಲ ಅದು ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆ ಹೊಸ ರಿಂಗ್ ಕೂತರೆ ಒತ್ತಡಕ್ಕೆ ಜಾರಿ, ಆಯಿಲ್ ಎಲ್ಲ ನೆಲಕ್ಕೆ ಹೋಗುತ್ತದೆ. ಸ್ಟಡ್ ಕೂಡ ಕೆಲವೊಮ್ಮೆ ಹಳೆ ಫಿಲ್ಟರಿನ ಜೊತೆ ಬಂದಿರುತ್ತದೆ, ಅದನ್ನು ಮರಳಿ ಕೂರಿಸಬೇಕು.

ಹೊಸ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ. ಒಣ ರಿಂಗೇ ಮುಂದೆ ಕಾವಿಗೆ ಅಂಟಿಕೊಳ್ಳುವುದು. ಕೈಯಲ್ಲಿ ತಿರುಗಿಸುತ್ತಾ ಹೋಗಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು. ಫಿಲ್ಟರ್ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಮಾಡಿ. ಹಾಕಲು ಪಾನಾ ಬೇಡ. ಆಯಿಲ್ ತುಂಬಿ ಚಾಲು ಮಾಡಿ, ಪ್ರೆಶರ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಬಂದ್ ಮಾಡಿ. ಬುಡದಲ್ಲಿ ಜಿನುಗು ನೋಡಿ, ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ನೋಡಿ.

ಹಳೆ ಆಯಿಲನ್ನು ಕಾಲುವೆಗೆ, ಬಾವಿ ಪಕ್ಕಕ್ಕೆ ಚೆಲ್ಲಬೇಡಿ. ನಾನು ಡಬ್ಬಿಯಲ್ಲಿ ತುಂಬಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡುತ್ತೇನೆ. ಹರಿದ ಫಿಲ್ಟರನ್ನೂ ಒಂದು ರಾತ್ರಿ ಬೋರಲು ಹಾಕಿ ಸೋರಿಸಿ ಇಡಿ.

ನಮ್ಮ ಟ್ರ್ಯಾಕ್ಟರಿನ ಹೊಸ ಫಿಲ್ಟರಿನ ಮೇಲೆ ಮಗಳು ಮಾರ್ಕರಿನಲ್ಲಿ ತಾರೀಖು, ಮೀಟರ್ ಗಂಟೆ ಬರೆದು, ಬಿಚ್ಚುವ ದಿಕ್ಕಿಗೆ ಒಂದು ಬಾಣ ಹಾಕಿದ್ದಾಳೆ. ಅದರ ಕೆಳಗೆ "ಕೈಯಿಂದ ಬಿಗಿದದ್ದು" ಅಂತ ಇದೆ.